ಯಂತ್ರ, ಶಕ್ತಿ ಮತ್ತು ವಿಶ್ವವಿದ್ಯಾನಿಲಯ : ಮೈಸೂರು ಸೀಮೆಯಲ್ಲಿ ಇಂಜನಿಯರಿಂಗ್ ವ್ಯಾಸಂಗದ ಪೂರ್ವಚರಿತ್ರೆ

ಶಿವನಸಮುದ್ರದ ವಿದ್ಯುದಾಗಾರವು ೧೯೦೨ನೆಯ ಜೂನ್ ೩೦ರಂದು ಕೆಲಸವನ್ನಾರಂಭಿಸಿತು. ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲಿಗಳ ದೂರ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇಂತಹ ಯಂತ್ರಗಳ ತತ್ತ್ವವನ್ನು ಬೋಧಿಸಿ ಪದವಿ ನೀಡುವ ಕಾಲೇಜು ಮೈಸೂರು ಸಂಸ್ಥಾನದಲ್ಲಿ ತೆರೆದದ್ದು ೧೯೧೭ರಲ್ಲಿ. ಈ ಎರಡು ಘಟನೆಗಳನ್ನೂ ನಮ್ಮ ಚರಿತ್ರೆಯ ಪಠ್ಯಗಳು ಸಂಸ್ಥಾನದ ಕೀರ್ತಿಯ ಪಟ್ಟಿಯಲ್ಲಿ ಬೇರೆಬೇರೆಯಾಗಿ ನಮೂದಿಸುತ್ತವೆ. ಅವುಗಳ ನಡುವಣ ಹದಿನೈದು ವರ್ಷಗಳ ಅಂತರವನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸಿದಂತೆ ತೋರುವುದಿಲ್ಲ. ಯಂತ್ರವು ಮೊದಲು ಬಂದು, ಅದರ ವಿದ್ಯೆ ಅನಂತರ ಬಂದರೆ ಒಂದು ನಾಡಿಗೆ ಆಗುವ ಲಾಭವೇನು, ನಷ್ಟವೇನು? ಈ ಪ್ರಶ್ನೆಯನ್ನು ಉತ್ತರಿಸಲು ಪ್ರಯತ್ನಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಯಂತ್ರವಿದ್ಯೆಗೆ ವಿಶ್ವವಿದ್ಯಾನಿಲಯದಲ್ಲಿ ಸುಲಭವಾಗಿ ಸ್ಥಾನ ದೊರೆಯಿತೆಂದು ಇಂದಿನ ವಿದ್ಯಾರ್ಥಿ ಭಾವಿಸಬಹುದು. ವಾಸ್ತವವಾಗಿ ಎಲ್ಲ ದೇಶಗಳಲ್ಲಿಯೂ ಯಂತ್ರವೇ ಹಿರಿಯದು, ಶಾಸ್ತ್ರವು ಕಿರಿಯದು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ತಯಾರಿಸಿ ಕೊಡುತ್ತಿದ್ದ ಜೇಮ್ಸ್ ವಾಟ್ ೧೭೬೩-೬೪ರಲ್ಲಿ ಅಲ್ಲಿಯ ನ್ಯೂಕೋಮನ್ ಯಂತ್ರದ ಒಂದು ಮಾದರಿಯನ್ನು ದುರಸ್ತಿಗೆ ತೆಗೆದುಕೊಂಡನು. ಉಗಿಯು ಎಷ್ಟೊಂದು ವ್ಯರ್ಥವಾಗುತ್ತಿದೆಯೆಂಬುದು ಅವನ ಗಮನಕ್ಕೆ ಬಂದಿತು. ಪ್ರತಿಯೊಂದು ಸುತ್ತಿನಲ್ಲಿಯೂ ಒಂದೇ ಕೊಳವೆಯನ್ನು ಕಾಯಿಸಿ ಮತ್ತೆ ತಣಿಸುವುದರಿಂದ ಈ ನಷ್ಟವುಂಟಾಗುತ್ತದೆಂದು ಕಂಡುಕೊಂಡು, ಉಗಿಯನ್ನು ತಣಿಸಲು ಪ್ರತ್ಯೇಕವಾದ ಪಾತ್ರೆಯೊಂದನ್ನು ೧೭೬೫ರಲ್ಲಿ ಅವನು ಕಲ್ಪಿಸಿದನು. ವಾಟ್ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದವನೇ ಹೊರತು ಅದರ ಅಧ್ಯಾಪಕನೂ ಅಲ್ಲ, ವಿದ್ಯಾರ್ಥಿಯೂ ಅಲ್ಲ. ಆವಿಯಂತ್ರವು ಎಷ್ಟರಮಟ್ಟಿಗೆ ಉತ್ತಮವಾಗಬಲ್ಲದು, ಅದಕ್ಕೊಂದು ಮಿತಿಯುಂಟೆ ಎಂಬ ಪ್ರಶ್ನೆಗೆ ಉತ್ತರವನ್ನು ಫ್ರಾನ್ಸಿನ ಸಾದಿ ಕಾರ್ನೊ ೧೮೨೪ರಲ್ಲಿ ಪ್ರಕಟಿಸಿದ ಸಣ್ಣ ಗ್ರಂಥದಲ್ಲಿ ಕಾಣುತ್ತೇವೆ. ಬಿಸಿಯಾದ ಸ್ಥಾನದಿಂದ ತಂಪಾದ ಸ್ಥಾನಕ್ಕೆ ಉಷ್ಣವು ಇಳಿಯುವಾಗಲೇ ಕೆಲಸ ದೊರೆಯುತ್ತದೆ; ಆ ಎರಡರ ತಾಪಮಾನಗಳೇ ಮಿತಿಯನ್ನು ನಿರ್ಣಯಿಸುತ್ತವೆ ಎಂಬುದು ಅವನ ಸಿದ್ಧಾಂತ. ವಾಟ್‌ನ ಶೋಧನೆಗೂ ಕಾರ್ನೊವಿನ ಸಿದ್ಧಾಂತಕ್ಕೂ ನಡುವೆ ಸುಮಾರು ಅರವತ್ತು ವರ್ಷಗಳು ಕಳೆದಿದ್ದವು.

ಗ್ಲಾಸ್ಗೋವಿನಲ್ಲಿ ಇಂಜನಿಯರಿಂಗಿನ ಪೀಠವೊಂದು ೧೮೪೦ರಲ್ಲಿ ರಾಣಿ ವಿಕ್ಟೋರಿಯಾಳ ಹೆಸರಿನಲ್ಲಿ ಸ್ಥಾಪಿತವಾಯಿತು. ಮೊದಲ ಪ್ರಾಧ್ಯಾಪಕನಾದ ಲೂಯಿಸ್ ಗಾರ್ಡನ್‌ನಿಗೆ ಸಹೋದ್ಯೋಗಿಗಳಿಂದ ಸ್ವಾಗತ ದೊರೆಯಲಿಲ್ಲ. ಕಬ್ಬಿಣದ ಕೆಲಸಗಾರರ ವಿಷಯವು ಗ್ರೀಕ್ ಮತ್ತು ಲ್ಯಾಟಿನ್‌ಗಳ ಪಕ್ಕದಲ್ಲಿ ಕುಳಿತುಕೊಳ್ಳುವುದು ಅನೇಕರಿಗೆ ಸಮ್ಮತವಾಗಿರಲಿಲ್ಲ. ೧೮೫೫ರಲ್ಲಿ ಆ ಪೀಠಕ್ಕೆ ಬಂದ ವಿಲಿಯಂ ರ‍್ಯಾಂಕಿನ್ ಈ ವ್ಯಾಸಂಗಕ್ಕೆ ಭದ್ರವಾದ ತಳಹದಿಯನ್ನು ಹಾಕಿದನು. ಸಿದ್ಧಾಂತ ಮತ್ತು ಪ್ರಯೋಗಗಳ ನಡುವೆ ವಿರೋಧವಿಲ್ಲವೆಂಬುದನ್ನು ತೋರಿಸುವುದು ಅವನ ಬೋಧನೆಯ ಮುಖ್ಯ ಗುರಿಯಾಗಿತ್ತು. ಕೇವಲ ಶಾಸ್ತ್ರ, ಕೇವಲ ಕೈಕೆಲಸ ಇವೆರಡಕ್ಕೂ ಸೇರದ ಮೂರನೆಯ ಬಗೆಯ ಜ್ಞಾನವೊಂದುಂಟು. ದೊರೆಯುವ ಸಾಮಗ್ರಿಯಿಂದ, ತಗಲುವ ವೆಚ್ಚದಲ್ಲಿ, ಆದಷ್ಟು ಹೆಚ್ಚು ಫಲವನ್ನು ಪಡೆಯುವುದು ಹೇಗೆಂದು ನಿರ್ಣಯಿಸುವುದೇ ಆ ಜ್ಞಾನ ಎಂದು ಅವನು ಪ್ರತಿಪಾದಿಸಿದನು. ಆವಿಯಂತ್ರವನ್ನೂ ಇತರ ಚಾಲಕಯಂತ್ರಗಳನ್ನೂ ಕುರಿತ ಅವನ ಕೈಪಿಡಿ ೧೮೫೯ರಲ್ಲಿ ಹೊರಬಂದಿತು. ನೀರು, ಗಾಳಿ, ಉಷ್ಣ ಇವೆಲ್ಲವನ್ನೂ ಶಕ್ತಿಯೆಂಬ ಒಂದೇ ಪರಿಕಲ್ಪನೆಯ ಕೆಳಗೆ ತಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಇದರಿಂದ ಸಾಧ್ಯವಾಯಿತು. ಯಂತ್ರದ ವ್ಯಾಸಂಗ ಮತ್ತು ಶಕ್ತಿಯ ವ್ಯಾಸಂಗ ಒಂದೇ ವಿಷಯದ ಎರಡು ಮುಖಗಳಾದದ್ದು ಇಲ್ಲಿಂದ ಎನ್ನಬಹುದು.

೨

ರ‍್ಯಾಂಕಿನ್‌ನ ಈ ಪದ್ಧತಿ ಪೂರ್ಣರೂಪದಲ್ಲಿ ಫಲಿಸಿದ್ದು ಸ್ಕಾಟ್ಲೆಂಡಿನಲ್ಲಿ ಅಲ್ಲ, ಜಪಾನಿನಲ್ಲಿ. ಅವನ ಶಿಷ್ಯನಾದ ಹೆನ್ರಿ ಡೈಯರ್ ತನ್ನ ಇಪ್ಪತ್ತೈದರ ಹರೆಯದಲ್ಲಿ, ೧೮೭೩ರಲ್ಲಿ, ಟೋಕಿಯೋವಿನಲ್ಲಿ ಆರಂಭವಾದ ಇಂಜನಿಯರಿಂಗ್ ಕಾಲೇಜಿನ ಮುಖ್ಯಸ್ಥನಾಗಿ ನೇಮಿತನಾದನು. ಅಲ್ಲಿಯ ಅಭ್ಯಾಸಕ್ರಮ ಆರು ವರ್ಷಗಳದು. ಮೊದಲ ಎರಡು ವರ್ಷ ಸಾಮಾನ್ಯ ವಿಜ್ಞಾನ, ನಡುವಣ ಎರಡು ವರ್ಷ ವಿಶೇಷ ವಿಷಯ, ಕೊನೆಯ ಎರಡು ವರ್ಷ ಪೂರ್ತಿಯಾಗಿ ಕಾರ್ಯಕ್ಷೇತ್ರದ ಅನುಭವ. ಇಂತಹ ಏರ್ಪಾಡು ಆಗಿನ ಬ್ರಿಟನ್ನಿನಲ್ಲಿಯೇ ಇರಲಿಲ್ಲವೆಂಬುದು ಗಮನಾರ್ಹ. ಈ ಕಾಲೇಜು ೧೮೮೬ರಲ್ಲಿ ಟೋಕಿಯೋ ಚಕ್ರಾಧಿಪತ್ಯ ವಿಶ್ವವಿದ್ಯಾನಿಲಯದಲ್ಲಿ ಸೇರಿಹೋಯಿತು.

ಅಲ್ಲಿಯ ವಿದ್ಯಾರ್ಥಿಯೊಬ್ಬನ ವೃತ್ತಾಂತ ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದುದು. ತನಾಬೆ ಸಕುರೋ ಎಂಬ ತರುಣನು ಬೀವಾ ಸರೋವರದಿಂದ ಕ್ಯೋಟೋ ನಗರಕ್ಕೆ ನಾಲೆಯೊಂದನ್ನು ತರುವ ವಿಷಯವನ್ನು ತನ್ನ ಪದವಿಯ ಪ್ರಬಂಧಕ್ಕಾಗಿ ಆರಿಸಿಕೊಂಡು ೧೮೮೩ರಲ್ಲಿ ತೇರ್ಗಡೆಯಾದನು. ಕ್ಯೋಟೋವಿನ ಆಡಳಿತವು ಆ ಕೆಲಸವನ್ನೇ ಅವನಿಗೆ ವಹಿಸಿತು. ೧೮೮೫ರಲ್ಲಿ ಪ್ರಾರಂಭವಾದ ನಾಲೆ ೧೮೯೦ರಲ್ಲಿ ಮುಗಿಯಿತು. ಕೆಲಸದ ಮಧ್ಯೆ, ೧೮೮೮ರಲ್ಲಿ, ಅಮೆರಿಕಕ್ಕೆ ಹೋಗಿ ಜಲವಿದ್ಯುತ್ತಿನ ಹೊಸ ಸ್ಥಾವರಗಳನ್ನು ಕಣ್ಣಾರೆ ಕಂಡು ಬಂದ ತನಾಬೆ, ನೀರಿನ ಬಲದಿಂದ ನೇರವಾಗಿ ಗಿರಣಿಗಳನ್ನು ತಿರುಗಿಸುವ ಹಿಂದಿನ ಯೋಜನೆಯನ್ನು ಬದಲಿಸಿ ವಿದ್ಯುತ್ತನ್ನು ಉತ್ಪಾದಿಸುವಂತೆ ಮಾಡಿದನು. ಕೆಆಗೆ ಎಂಬ ಸ್ಥಳದ ವಿದ್ಯುದಾಗಾರ ೧೮೯೧ರಲ್ಲಿ ಕೆಲಸಕ್ಕೆ ತೊಡಗಿತು. ೧೮೯೫ರಲ್ಲಿ ಆ ನಗರದ ಟ್ರಾಂ ಗಾಡಿಗಳು ಅದೇ ವಿದ್ಯುತ್ತಿನಿಂದ ಓಡಿದುವು. ಇಲ್ಲಿಯೂ ಯಂತ್ರಗಳು ಹೊರದೇಶದಿಂದ ಬಂದವೇ. ಆದರೆ ಯಾವ ಯಂತ್ರ ಬೇಕು, ಅದನ್ನು ಯಾವ ಕೆಲಸಕ್ಕೆ ಹೂಡಬೇಕು ಎಂಬ ನಿರ್ಣಯವು ಆ ದೇಶದ ಕಾಲೇಜಿನಲ್ಲಿ ಕಲಿತವನದಾಗಿತ್ತು. ಕಾಲೇಜು ಮೊದಲು, ವಿದ್ಯುದಾಗಾರ ಅನಂತರ. ನಡುವೆ ಹದಿನೆಂಟು ವರ್ಷ. ಮೈಸೂರಿನಲ್ಲಿ ಈ ಅನುಕ್ರಮವು ತಲೆಕೆಳಗಾಯಿತು.

೩

ಭಾರತದಲ್ಲಿ ಇಂಜನಿಯರಿಂಗ್ ಶಿಕ್ಷಣವು ಜಪಾನಿಗಿಂತ ಹಿಂದೆಯೇ ಆರಂಭವಾಗಿತ್ತೆಂಬುದನ್ನು ಮರೆಯಲಾಗದು. ರೂರ್ಕಿಯ ಕಾಲೇಜು ೧೮೪೭ರದು. ಪುಣೆಯಲ್ಲಿ ೧೮೫೪ರಲ್ಲಿಯೂ ಕಲ್ಕತ್ತೆಯಲ್ಲಿ ೧೮೫೬ರಲ್ಲಿಯೂ ಇಂತಹ ಶಾಲೆಗಳು ತೆರೆದುವು. ಮದರಾಸಿನಲ್ಲಿ ೧೭೯೪ರಿಂದ ಇದ್ದ ಭೂಮಾಪನ ಶಾಲೆ ಬೆಳೆದು ಗಿಂಡಿಯ ಕಾಲೇಜಾಯಿತು. ಆದರೆ ಇವುಗಳನ್ನು ಸ್ಥಾಪಿಸಿದ ಸರ್ಕಾರಕ್ಕೆ ಬೇಕಾಗಿದ್ದುದು ನಾಲೆ, ರಸ್ತೆ, ಸೇತುವೆಗಳನ್ನು ಕಟ್ಟಿಸುವ ಲೋಕೋಪಯೋಗಿ ಇಲಾಖೆಯ ನೌಕರರು. ಆದುದರಿಂದ ಪಾಠಗಳೆಲ್ಲ ಮುಖ್ಯವಾಗಿ ಸಿವಿಲ್ ಇಂಜನಿಯರಿಂಗಿನವು. ರೈಲಿನ ಇಂಜನ್ನು, ಗಿರಣಿಯ ಯಂತ್ರ, ಬಾಯ್ಲರು ಇವೆಲ್ಲ ಇಂಗ್ಲೆಂಡಿನಿಂದ ಬರುತ್ತಿದ್ದುವು. ಅವುಗಳ ಜೊತೆಯಲ್ಲಿ ಅವುಗಳನ್ನು ಬಲ್ಲವರೂ ಬರುತ್ತಿದ್ದರು. ಇಲಾಖೆಯ ಮೇಲಿನ ಹುದ್ದೆಗಳಿಗೂ ೧೮೭೧ರಿಂದ ೧೯೦೬ರವರೆಗೆ ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಲ್ಲಿಯೇ ಜನರನ್ನು ತಯಾರಿಸಲಾಗುತ್ತಿತ್ತು. ಗಿಂಡಿಯಲ್ಲಿ ಮೆಕ್ಯಾನಿಕಲ್ ಇಂಜನಿಯರಿಂಗಿನ ಪಾಠಗಳು ೧೮೯೪ರಲ್ಲಿ ಆರಂಭವಾದುವಾದರೂ ಆ ಶಾಖೆ ಬಹುಕಾಲ ಸಣ್ಣದಾಗಿಯೇ ಉಳಿಯಿತು.

ಇಂದಿನ ಕರ್ನಾಟಕದ ಭಾಗಗಳು ಆಗ ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಕನ್ನಡಿಗ ವಿದ್ಯಾರ್ಥಿಯ ದಾರಿಯೂ ಹಾಗೆಯೇ ಕವಲೊಡೆದಿತ್ತು. ಧಾರವಾಡ, ಬೆಳಗಾವಿಗಳ ವಿದ್ಯಾರ್ಥಿಗೆ ಪುಣೆ. ಮಂಗಳೂರು, ಬಳ್ಳಾರಿಗಳವನಿಗೆ ಮದರಾಸು. ಗುಲ್ಬರ್ಗ, ರಾಯಚೂರು, ಬೀದರ್‌ಗಳವನಿಗೆ ಮುಂದೆ ೧೯೨೯ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಇಂಜನಿಯರಿಂಗ್ ಕಾಲೇಜು ದೊರೆಯಿತು. ಆ ವಿಶ್ವವಿದ್ಯಾನಿಲಯದ ಬೋಧನಮಾಧ್ಯಮ ಉರ್ದು. ಮೈಸೂರಿನವರೂ ಹೊರಗೇ ಹೋಗಬೇಕಾಗಿತ್ತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಓದಿ ೧೮೮೩ರಲ್ಲಿ ತೇರ್ಗಡೆಯಾಗಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದುದು ಇದಕ್ಕೆ ಪ್ರಸಿದ್ಧವಾದ ನಿದರ್ಶನ.

೪

ಶಿವನಸಮುದ್ರದ ಯೋಜನೆ ಇಂತಹ ಸನ್ನಿವೇಶದಲ್ಲಿ ರೂಪುಗೊಂಡಿತು. ದಿವಾನ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ಮೈಸೂರಿನ ಉಪ ಮುಖ್ಯ ಇಂಜನಿಯರಾಗಿದ್ದ ಕ್ಯಾಪ್ಟನ್ ಜೋಲಿ ಡಿ ಲೋಬಿನಿಯೇರ್ ಯೂರೋಪು ಮತ್ತು ಅಮೆರಿಕಗಳಲ್ಲಿ ಸಂಚರಿಸಿ ಯೋಜನೆಯನ್ನು ಸಿದ್ಧಪಡಿಸಿದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿಯವು. ವಿದ್ಯುತ್ತಿನ ಗ್ರಾಹಕರು ಇಂಗ್ಲೆಂಡಿನ ಬಂಡವಾಳದ ಗಣಿ ಕಂಪನಿಗಳು. ಆರಂಭದ ವರ್ಷಗಳಲ್ಲಿ ಯಂತ್ರಗಳ ಉಸ್ತುವಾರಿಯನ್ನು ನೋಡಿಕೊಂಡ ಪ್ರಮುಖರಲ್ಲಿ ಅಮೆರಿಕದ ಇಂಜನಿಯರುಗಳಿದ್ದರು. ನದಿಯೂ ನೆಲವೂ ದುಡಿದ ಕೈಗಳೂ ಮಾತ್ರ ಮೈಸೂರಿನವು. ೩೫,೦೦೦ ವೋಲ್ಟುಗಳ ಆ ತಂತಿಯ ಮಾರ್ಗ ಆ ಕಾಲದ ಜಗತ್ತಿನ ಅತಿ ದೀರ್ಘ ಮಾರ್ಗಗಳಲ್ಲಿ ಒಂದಾಗಿತ್ತು. ಅದು ದಾಟಿಹೋದ ಹಳ್ಳಿಗಳಾದರೋ ದೀಪಕ್ಕೆ ಇನ್ನೂ ಹಲವು ದಶಕ ಕಾದುವು. ಬೆಂಗಳೂರು ನಗರದ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ೧೯೦೫ರಲ್ಲಿ.

ಹೀಗೆಂದ ಮಾತ್ರಕ್ಕೆ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ಅಲ್ಲಗಳೆದಂತಾಗುವುದಿಲ್ಲ. ಗಣಿಗಳಿಗೆ ಮಾರಿದ ವಿದ್ಯುತ್ತು ಸಂಸ್ಥಾನದ ಬೊಕ್ಕಸಕ್ಕೆ ನಿಯತವಾದ ಆದಾಯವನ್ನು ತಂದಿತು. ಕಾಲೇಜು ತೆರೆಯುವವರೆಗೆ ವಿದ್ಯುದಾಗಾರವನ್ನು ಕಟ್ಟುವುದು ಬೇಡವೆಂದು ಯಾವ ದಿವಾನನೂ ಕಾಯುತ್ತಿರಲಿಲ್ಲ; ಕಾಯಬೇಕಾಗಿಯೂ ಇರಲಿಲ್ಲ. ಆದರೆ ಕೊಂಡು ತಂದ ಯಂತ್ರದೊಡನೆ ಅದರ ವಿದ್ಯೆ ತಾನಾಗಿ ಬರುವುದಿಲ್ಲವೆಂಬ ಸಂಗತಿ ಆ ಹದಿನೈದು ವರ್ಷಗಳಲ್ಲಿ ಸ್ಪಷ್ಟವಾಯಿತು.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ಮೂರು ಮೆಟ್ಟಿಲುಗಳಲ್ಲಿ ನಡೆದುವು. ಮೊದಲನೆಯದು ಜಮ್‌ಷೇಟ್‌ಜಿ ತಾತಾ ಅವರ ಸಂಕಲ್ಪದ ಫಲವಾದ ಭಾರತೀಯ ವಿಜ್ಞಾನ ಮಂದಿರ. ಮೈಸೂರು ಸಂಸ್ಥಾನ ದಾನವಾಗಿ ಕೊಟ್ಟ ೩೭೧ ಎಕರೆ ನೆಲದಲ್ಲಿ, ೧೯೧೧ರಲ್ಲಿ ಅಲ್ಲಿ ಬೋಧನೆ ಆರಂಭವಾದಾಗ ರಸಾಯನ ಶಾಸ್ತ್ರದ ಜೊತೆಯಲ್ಲಿಯೇ ವಿದ್ಯುತ್ ತಂತ್ರಶಾಸ್ತ್ರದ ವಿಭಾಗವೂ ತೆರೆಯಿತು. ವಿದ್ಯುತ್ತು ಸಮೀಪದಲ್ಲಿಯೇ ದೊರೆಯುತ್ತಿದ್ದ ಬೆಂಗಳೂರು ಇಂತಹ ವಿಭಾಗಕ್ಕೆ ತಕ್ಕ ಸ್ಥಳವಾಗಿತ್ತು. ಎರಡನೆಯದು ೧೯೧೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೆಕ್ಯಾನಿಕಲ್ ಇಂಜನಿಯರಿಂಗ್ ಶಾಲೆ. ಅದು ಪದವೀಧರರಿಗಲ್ಲದೆ ಕಾರ್ಯಾಗಾರದ ಮಟ್ಟದ ತಂತ್ರಜ್ಞರಿಗಾಗಿ ಇದ್ದುದು. ಮೂರನೆಯದು ೧೯೧೭ರ ಸರ್ಕಾರಿ ಇಂಜನಿಯರಿಂಗ್ ಕಾಲೇಜು. ಹಿಂದಿನ ವರ್ಷ ಸ್ಥಾಪನೆಯಾಗಿದ್ದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಈ ಕಾಲೇಜಿನಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ಶಾಖೆಗಳು ಮೊದಲಿಗೇ ತೆರೆದುವು. ಬನಾರಸಿನ ಹಿಂದೂ ವಿಶ್ವವಿದ್ಯಾನಿಲಯದ ಇಂಜನಿಯರಿಂಗ್ ಕಾಲೇಜು ಆರಂಭವಾದದ್ದು ೧೯೧೯ರಲ್ಲಿ ಎಂಬುದನ್ನು ನೆನೆದರೆ ಮೈಸೂರಿನ ಈ ಹೆಜ್ಜೆ ಆ ಕಾಲಕ್ಕೆ ಎಷ್ಟು ಮುಂದುವರಿದುದೆಂದು ತಿಳಿಯುತ್ತದೆ.

ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ಹಿಂದೆ ಇದ್ದವರು ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು. ಅವರು ೧೮೯೮ರಲ್ಲಿಯೇ ಜಪಾನನ್ನು ಸಂದರ್ಶಿಸಿದ್ದರು. ಶಿಕ್ಷಣ ಮತ್ತು ಕೈಗಾರಿಕೆಗಳು ಅಲ್ಲಿ ಜೊತೆಜೊತೆಯಾಗಿ ಬೆಳೆಯುತ್ತಿದ್ದುದನ್ನು ಕಂಡು ಬಂದ ಪ್ರಭಾವವನ್ನು ಅವರ ಮುಂದಿನ ಬರಹಗಳಲ್ಲಿಯೂ ಆಡಳಿತದಲ್ಲಿಯೂ ಕಾಣಬಹುದು. ಗ್ಲಾಸ್ಗೋವಿನಲ್ಲಿ ಮೊಳೆತು ಟೋಕಿಯೋವಿನಲ್ಲಿ ಬೆಳೆದ ಒಂದು ವಿಚಾರವು ಹೀಗೆ ಸುತ್ತುಬಳಸಿನ ದಾರಿಯಿಂದ ಬೆಂಗಳೂರನ್ನು ತಲುಪಿತೆಂದರೆ ತಪ್ಪಾಗಲಾರದು.

೫

ಆದರೂ ಬೆಂಗಳೂರಿನ ಕಾಲೇಜಿಗೆ ಎರಡು ಮಿತಿಗಳಿದ್ದುವು. ಚರಿತ್ರಕಾರನು ಅವನ್ನು ಮುಚ್ಚಿಡಲಾಗದು.

ಮೊದಲನೆಯದು ಉದ್ಯೋಗದ ಮಿತಿ. ಟೋಕಿಯೋವಿನ ಕಾಲೇಜಿನ ಹಿಂದೆ ಗಣಿ, ರೈಲು, ತಂತಿ, ಹಡಗುಕಟ್ಟೆಗಳನ್ನೆಲ್ಲ ತಾನೇ ನಡೆಸುತ್ತಿದ್ದ ಸ್ವತಂತ್ರ ಸರ್ಕಾರವಿತ್ತು. ಮೈಸೂರಿನ ಪದವೀಧರನ ಮುಂದೆ ಇದ್ದುದು ಬಹುಮಟ್ಟಿಗೆ ಸರ್ಕಾರಿ ಇಲಾಖೆಯೊಂದೇ. ಯಂತ್ರಗಳನ್ನು ನಿರ್ಮಿಸುವ ಕಾರ್ಖಾನೆಗಳಿಲ್ಲದಲ್ಲಿ ಯಂತ್ರರಚನೆಯ ಪಾಠವು ಪರೀಕ್ಷೆಯ ವಿಷಯವಾಗಿ ಉಳಿಯುವುದು ಸಹಜ. ಕಲಿತವನು ನಿರ್ಮಾಪಕನಾಗದೆ, ಬೇರೆಯವರು ನಿರ್ಮಿಸಿದ ಯಂತ್ರದ ಪಾಲಕನಾಗುತ್ತಾನೆ. ಡೈಯರನ ಕ್ರಮದಲ್ಲಿದ್ದ ಎರಡು ವರ್ಷಗಳ ಕಾರ್ಯಕ್ಷೇತ್ರದ ಅನುಭವವನ್ನು ಇಲ್ಲಿಯ ಅಭ್ಯಾಸಕ್ರಮಕ್ಕೆ ಸೇರಿಸಬೇಕೆಂದಿದ್ದರೂ ಅಂತಹ ಕ್ಷೇತ್ರಗಳು ಆಗ ನಾಡಿನಲ್ಲಿ ವಿರಳವಾಗಿದ್ದುವು.

ಎರಡನೆಯದು ಪ್ರವೇಶದ ಮಿತಿ. ಈ ವ್ಯಾಸಂಗಕ್ಕೆ ಇಂಗ್ಲಿಷೂ ಗಣಿತವೂ ಬೇಕು. ಅವನ್ನು ಕಲಿಸುವ ಪ್ರೌಢಶಾಲೆಗಳು ಪಟ್ಟಣಗಳಲ್ಲಿದ್ದುವು. ಅಲ್ಲಿ ಓದುವ ಅನುಕೂಲವಿದ್ದ ಸಮಾಜಗಳು ಕೆಲವೇ. ಕಬ್ಬಿಣ, ಮರ, ಲೋಹಗಳ ಕೆಲಸವನ್ನು ತಲೆತಲಾಂತರದಿಂದ ಬಲ್ಲ ಕುಲುಮೆಯವರ, ಬಡಗಿಗಳ ಮಕ್ಕಳಿಗೆ ಯಂತ್ರಶಾಸ್ತ್ರದ ಕಾಲೇಜಿನ ಬಾಗಿಲು ದೂರವೇ ಆಗಿತ್ತು. ಕೈಕೆಲಸವನ್ನು ಕೀಳೆಂದು ಎಣಿಸುತ್ತ ಬಂದ ಸಮಾಜವೊಂದರಲ್ಲಿ ಕೈಯನ್ನೂ ಬುದ್ಧಿಯನ್ನೂ ಕೂಡಿಸಬೇಕಾದ ವಿದ್ಯೆಯು ಎದುರಿಸಿದ ತೊಡಕು ಇದು. ಕಾಲೇಜು ತೆರೆದ ಮರುವರ್ಷವೇ, ೧೯೧೮ರಲ್ಲಿ, ಹಿಂದುಳಿದ ವರ್ಗಗಳ ಅಹವಾಲುಗಳನ್ನು ವಿಚಾರಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯನ್ನು ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು. ಸಮಿತಿಯ ವರದಿ ೧೯೧೯ರಲ್ಲಿ ಬಂದಿತು. ೧೯೨೧ರಲ್ಲಿ ಅದರ ಮೇಲೆ ಸರ್ಕಾರದ ಆಜ್ಞೆ ಹೊರಟಿತು. ಕಾಲೇಜನ್ನು ಕಟ್ಟಿದ ಮಹನೀಯರಿಗೆ ಉತ್ಪಾದನೆಯ ಸಮಸ್ಯೆ ಸ್ಪಷ್ಟವಾಗಿ ಕಂಡಿತ್ತು. ಹಂಚಿಕೆಯ ಸಮಸ್ಯೆ ಅಷ್ಟೇ ಸ್ಪಷ್ಟವಾಗಿ ಕಂಡದ್ದು ಇತರರಿಗೆ. ಇಬ್ಬರ ದೃಷ್ಟಿಯೂ ನಮ್ಮ ಚರಿತ್ರೆಗೆ ಅವಶ್ಯಕ. ಸ್ತ್ರೀಯರ ವಿಷಯದಲ್ಲಂತೂ ಬಾಗಿಲು ಇನ್ನೂ ತಡವಾಗಿ ತೆರೆಯಿತು. ನೆರೆಯ ಗಿಂಡಿ ಕಾಲೇಜಿನಿಂದ ಎ. ಲಲಿತಾ ಮೊದಲಾದ ಮೂವರು ಮಹಿಳೆಯರು ಇಂಜನಿಯರಿಂಗ್ ಪದವೀಧರರಾಗಿ ಹೊರಬಂದುದು ೧೯೪೦ರ ದಶಕದಲ್ಲಿ.

೬

ಮೊದಲ ಮಿತಿ ಕ್ರಮೇಣ ಸಡಿಲವಾಯಿತು. ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ೧೯೪೨ರಲ್ಲಿ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಕಾರ್ಖಾನೆಯೂ ಪಾಠವೂ ಒಂದನ್ನೊಂದು ಕರೆದ ನಿದರ್ಶನವಿದು. ೧೯೫೩ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಬಂದಿತು. ಜೋಗದ ವಿದ್ಯುದಾಗಾರ ೧೯೪೮ರಲ್ಲಿ ಕೆಲಸಕ್ಕೆ ತೊಡಗಿದಾಗ ಯಂತ್ರಗಳು ಹೊರಗಿನವಾದರೂ ಯೋಜನೆ ಮತ್ತು ನಿರ್ವಹಣೆಗಳ ಭಾರವನ್ನು ಬಹುಮಟ್ಟಿಗೆ ಹೊತ್ತವರು ಮೈಸೂರಿನ ಇಂಜನಿಯರುಗಳೇ. ಶಿವನಸಮುದ್ರಕ್ಕೂ ಜೋಗಕ್ಕೂ ನಡುವೆ ಕಾಣುವ ಈ ವ್ಯತ್ಯಾಸವನ್ನು ವಿದ್ಯಾಭ್ಯಾಸದ ಫಲವೆಂದು ಹೇಳಬಹುದು. ೧೯೪೬ರಲ್ಲಿ ಬೆಂಗಳೂರಿನಲ್ಲಿ ಬಿ. ಎಂ. ಶ್ರೀನಿವಾಸಯ್ಯನವರೂ ಅದೇ ವರ್ಷ ಮೈಸೂರಿನಲ್ಲಿ ಇತರ ಆಸಕ್ತರೂ, ೧೯೪೭ರಲ್ಲಿ ಹುಬ್ಬಳ್ಳಿಯವರೂ ಖಾಸಗಿಯಾಗಿ ಕಾಲೇಜುಗಳನ್ನು ತೆರೆದರು. ೧೯೬೦ರಲ್ಲಿ ಸುರತ್ಕಲ್ಲಿನ ಕಾಲೇಜು ಆರಂಭವಾಯಿತು. ೧೯೧೭ರ ಕಾಲೇಜು, ೧೯೬೪ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿ ತನ್ನ ಸ್ಥಾಪಕರ ಹೆಸರನ್ನು ಪಡೆಯಿತು. ೧೯೯೮ರಲ್ಲಿ ಅದೇ ಮಹನೀಯರ ಹೆಸರಿನ ತಾಂತ್ರಿಕ ವಿಶ್ವವಿದ್ಯಾನಿಲಯ ಬೆಳಗಾವಿಯಲ್ಲಿ ಸ್ಥಾಪನೆಯಾಯಿತು.

ಶಕ್ತಿಯ ಮೂಲಗಳೂ ಬದಲಾಗಿವೆ. ನೀರನ್ನೇ ನಂಬಿದ್ದ ನಾಡಿನಲ್ಲಿ ೧೯೮೫ರಲ್ಲಿ ರಾಯಚೂರಿನ ಕಲ್ಲಿದ್ದಲಿನ ಸ್ಥಾವರವೂ, ೨೦೦೦ದಲ್ಲಿ ಕೈಗಾದ ಪರಮಾಣು ಸ್ಥಾವರವೂ, ೨೦೧೮ರಿಂದ ಪಾವಗಡದ ಸೌರ ಸ್ಥಾವರವೂ ವಿದ್ಯುತ್ತನ್ನು ನೀಡತೊಡಗಿದುವು. ಉಷ್ಣ, ನೀರು, ಗಾಳಿ, ಬೆಳಕುಗಳನ್ನೆಲ್ಲ ಒಂದೇ ಲೆಕ್ಕದಲ್ಲಿ ಎಣಿಸುವ ರ‍್ಯಾಂಕಿನ್‌ನ ಪಾಠ ಇಂದಿನ ವಿದ್ಯಾರ್ಥಿಗೆ ಹಿಂದೆಂದಿಗಿಂತ ಹೆಚ್ಚು ಅವಶ್ಯಕವಾಗಿದೆ.

ಮೊದಲಿನ ಪ್ರಶ್ನೆಗೆ ಈಗ ಹಿಂದಿರುಗಬಹುದು. ಯಂತ್ರ ಮೊದಲು ಬಂದುದರಿಂದ ಮೈಸೂರಿಗೆ ಆದಾಯವೂ ಕೀರ್ತಿಯೂ ಬೇಗ ದೊರೆತುವು. ಯಂತ್ರವನ್ನು ಪ್ರಶ್ನಿಸುವ, ಬದಲಿಸುವ, ತನ್ನ ಜನರ ಅಗತ್ಯಕ್ಕೆ ಹೊಂದಿಸುವ ಸಾಮರ್ಥ್ಯ ತಡವಾಗಿ ದೊರೆಯಿತು. ಕ್ಯೋಟೋವಿನಲ್ಲಿ ವಿದ್ಯುದಾಗಾರವು ವಿದ್ಯಾರ್ಥಿಯೊಬ್ಬನ ಪ್ರಶ್ನೆಯಿಂದ ಹೊರಟಿತು. ಶಿವನಸಮುದ್ರದಲ್ಲಿ ಅದು ಒಪ್ಪಂದವೊಂದರಿಂದ ಹೊರಟಿತು. ಒಪ್ಪಂದಕ್ಕಿಂತ ಪ್ರಶ್ನೆಗೆ ಆಯುಷ್ಯ ಹೆಚ್ಚು. ಇಂದು ಹೊಸ ಬಗೆಯ ಯಂತ್ರಗಳು ಮತ್ತೆ ಹೊರಗಿನಿಂದ ಬರುತ್ತಿರುವಾಗ, ಅವುಗಳನ್ನು ನಡೆಸಲು ಕಲಿತರೆ ಸಾಕೆ, ಅವುಗಳ ವಿಷಯದಲ್ಲಿ ನಿರ್ಣಯ ಮಾಡಲೂ ಕಲಿಯಬೇಕೆ ಎಂಬುದನ್ನು ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಯೋಚಿಸಬೇಕಾಗಿದೆ. ಆ ಯೋಚನೆಗೆ ೧೯೦೨ ಮತ್ತು ೧೯೧೭ರ ನಡುವಣ ಹದಿನೈದು ವರ್ಷಗಳ ಚರಿತ್ರೆ ಸ್ವಲ್ಪಮಟ್ಟಿಗಾದರೂ ನೆರವಾದೀತು.